ಕೊಳೆರೋಗಕ್ಕೆ ಮದ್ದಿತ್ತು, ದರಕ್ಕೆ?

ನಮ್ಮ ದಕ್ಷಿಣ ಕನ್ನಡದ ಅಡಿಕೆ ಕೃಷಿಕರು ಹಿಂದಿನಿಂದಲೂ ಹೆದರುತ್ತಿದ್ದುದು ಕೊಳೆರೋಗಕ್ಕೆ. ಅದಕ್ಕೆ ಮೈಲುತುತ್ತು, ಸುಣ್ಣದ ಮದ್ದಿತ್ತು. ಹೊತ್ತಿಗೆ ಸರಿಯಾಗಿ ಹೊಡೆದರೆ ಅರ್ಧ ಧೈರ್ಯ. ದರದ ವಿಷಯ ಹಾಗಲ್ಲ. 1970ರ ದಶಕದ ಆರಂಭದಲ್ಲಿ ಅದು ಕುಸಿದಾಗ, ಅಡಿಕೆ ಮನೆಯಲ್ಲಿಟ್ಟು ಕಾಯುವುದೋ, ಸಿಕ್ಕಿದ್ದಕ್ಕೆ ಕೊಡುವುದೋ ತಿಳಿಯದೆ ಕೂತೆವು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿದ್ದು ಈ ಸಂಕಟದಲ್ಲೇ.

ಅಡಿಕೆಯೊಂದನ್ನೇ ನಂಬಬಾರದೆಂದು ತೋಟದ ನಡುವೆ ಕೊಕ್ಕೋ ನೆಟ್ಟದ್ದೂ ಉಂಟು. ತಮಾಷೆ ನೋಡಿ, ಅದನ್ನು ಕೊಳ್ಳುವವರೇ ಬೆರಳೆಣಿಕೆ! 1980ರ ಸುಮಾರಿಗೆ ಅವರು ಹಿಂದೆ ಸರಿದಾಗ ಹಸಿಬೀಜ ಕೇಳುವವರಿಲ್ಲ. ಕೆಲವರು ಗಿಡ ಕಡಿದೇ ಬಿಟ್ಟರು, ಅವರದು ತಪ್ಪೆನ್ನಲಾರೆವು. ಆಗ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೂ ಶುರುವಾಯಿತು. ಕಡಿದವರ ತೋಟದಲ್ಲಿ ಮಾತ್ರ ಕೊಕ್ಕೋ ಇರಲಿಲ್ಲ.