ಮೊದಲು ಕೋಣೆ, ಆಮೇಲೆ ಪಂಜರ: ಕಂಕನಾಡಿಯ ಹವೆಯಲ್ಲಿ ಚಿಂಚಿಲ್ಲಾ ಸಾಕಣೆ

ಸಾರಾಂಶ: ಚಿಂಚಿಲ್ಲಾ ಸಾಕಣೆಯ ಕೈಪಿಡಿಗಳು ಪಂಜರದ ಅಳತೆ, ಅಂತಸ್ತು, ಸರಳುಗಳಿಗೆ ಹೆಚ್ಚಿನ ಒತ್ತು ಕೊಡುತ್ತವೆ. ಮಂಗಳೂರಿನ ಕಂಕನಾಡಿಯಂಥ ಕರಾವಳಿ ಬಡಾವಣೆಯಲ್ಲಿ ಪ್ರಾಣಿಯ ಅಳಿವು ಉಳಿವು ನಿರ್ಧಾರವಾಗುವುದು ಕೋಣೆಯ ಹವೆಯಿಂದ ಎಂಬುದು ಈ ಲೇಖನದ ವಾದ.

1. ಪ್ರಾಣಿಯ ಮೈಕಟ್ಟು

ಸಾಕು ಚಿಂಚಿಲ್ಲಾದ ಮೂಲ ನೆಲೆ ಚಿಲಿಯ ಒಣ ಬೆಟ್ಟಗಳು. ಒಂದೊಂದು ರೋಮಕೂಪದಿಂದ 50ಕ್ಕೂ ಹೆಚ್ಚು ಕೂದಲು ಹೊರಡುವ ಅದರ ತುಪ್ಪಳ ಅಲ್ಲಿನ ಚಳಿಗೆ ತಕ್ಕುದು. ಅದರ ಮೈ ಬೆವರುವುದಿಲ್ಲ. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬವರು 11 ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಕ್ಕೆ ಒಯ್ದಾಗ ದಾರಿಯಲ್ಲಿ ಮಂಜುಗಡ್ಡೆಯಿಟ್ಟು ಪಂಜರಗಳನ್ನು ತಂಪಾಗಿಸಬೇಕಾಯಿತು.

2. ಹವೆಯ ಲೆಕ್ಕ

ಸಾಕಣೆದಾರರಲ್ಲಿ ರೂಢಿಯಲ್ಲಿರುವ ಒಂದು ಸ್ಥೂಲ ಸೂಚಿಯ ಪ್ರಕಾರ ಫ್ಯಾರನ್‌ಹೀಟ್ ಉಷ್ಣತೆಗೆ ಆರ್ದ್ರತೆಯ ಶೇಕಡಾ ಪ್ರಮಾಣ ಕೂಡಿಸಿದಾಗ ಮೊತ್ತ 150 ದಾಟಿದರೆ ಅಪಾಯ. ಮೇ ತಿಂಗಳ ಮಧ್ಯಾಹ್ನ 33 ಡಿಗ್ರಿ ಸೆಲ್ಸಿಯಸ್ (91 ಫ್ಯಾರನ್‌ಹೀಟ್), ಆರ್ದ್ರತೆ ಶೇ. 65 ಎಂದಿಟ್ಟುಕೊಂಡರೆ ಮೊತ್ತ 156. ಜುಲೈಯ ಜಡಿಮಳೆಯಲ್ಲಿ 26 ಡಿಗ್ರಿ (79), ಶೇ. 90 ಎಂದರೆ 169. ಸೆಕೆ ಕಳೆಯಿತೆಂದು ಊರೇ ಹಗುರಾಗುವ ಮಳೆಗಾಲ ಚಿಂಚಿಲ್ಲಾಕ್ಕೆ ಬಿಡುವಿನ ಕಾಲವಲ್ಲ.

3. ಕೋಣೆ

ಆದ್ದರಿಂದ ತಾರಸಿಯ ಕೆಳಗಿನ, ಪಡುವಣ ಬಿಸಿಲು ಬೀಳುವ ಕೋಣೆ ಬೇಡ. 20 ಡಿಗ್ರಿ ಆಸುಪಾಸಿನಲ್ಲಿ, ಶೇ. 50ರ ಹತ್ತಿರದ ಆರ್ದ್ರತೆಯಲ್ಲಿ ಹಗಲಿರುಳು ನಡೆಯುವ ಎಸಿ ಬೇಕು. ಅದರ ಗಾಳಿ ನೇರವಾಗಿ ಪಂಜರಕ್ಕೆ ಬಡಿಯಬಾರದು. ಕಷ್ಟ ಎದುರಾಗುವುದು ಕರೆಂಟು ಹೋದಾಗ. ಮನೆಯ ಸಾಮಾನ್ಯ ಇನ್ವರ್ಟರ್ ದೀಪ, ಫ್ಯಾನುಗಳಿಗಷ್ಟೇ ಸಾಲುತ್ತದೆ. ಬೆವರದ ಮೈಗೆ ಫ್ಯಾನಿನ ಗಾಳಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಪಂಜರದೊಳಗೊಂದು ಗ್ರಾನೈಟ್ ಚಪ್ಪಡಿ ಸ್ವಲ್ಪ ಹೊತ್ತು ತಂಪು ಕೊಟ್ಟೀತು, ಎಸಿಯ ಬದಲಿಗೆ ಬಾರದು.

4. ಪಂಜರ

ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸತು ಲೇಪಿಸಿದ ತಂತಿಯನ್ನು ಕಡಿದರೆ ಸತು ಹೊಟ್ಟೆ ಸೇರುವ ಭಯ. ಸ್ಟೇನ್‌ಲೆಸ್ ಸ್ಟೀಲ್ ದುಬಾರಿಯಾದರೂ ಇಲ್ಲಿಗೆ ಅದೇ ಸರಿ. ಹಲ್ಲು ಬದುಕಿಡೀ ಬೆಳೆಯುವ ಈ ಪ್ರಾಣಿ ಪ್ಲಾಸ್ಟಿಕ್ಕನ್ನೂ ಕಡಿದು ನುಂಗುತ್ತದೆ, ಹಾಗಾಗಿ ಪ್ಲಾಸ್ಟಿಕ್ ತಟ್ಟೆ ಬೇಡ. ಬರೀ ತಂತಿಯ ನೆಲದ ಮೇಲೆ ಪಾದ ಹುಣ್ಣಾಗುತ್ತದೆ, ಸಂದಿಗೆ ಕಾಲು ಸಿಕ್ಕಿ ಮುರಿಯುವುದೂ ಉಂಟು, ನೆಲ ಗಟ್ಟಿಯಾಗಿರಬೇಕು. ನೆಗೆಯುವ ಪ್ರಾಣಿಗೆ ಎತ್ತರ ಬೇಕೇ ಬೇಕು. ಹಲಗೆಗಳನ್ನು ಓರೆಕೋರೆಯಾಗಿ ಹತ್ತಿರ ಹತ್ತಿರ ಕೂರಿಸಿದರೆ ಜಾರಿದರೂ ಎತ್ತರದಿಂದ ನೆಲಕ್ಕೆ ಬೀಳದು. ಹಲಗೆಗೆ ಬಣ್ಣ, ಪಾಲಿಶ್ ಬೇಡ. ಬೂಷ್ಟು ಹಿಡಿದೊಡನೆ ಬದಲಿಸಲು ಬರುವಂತೆ ಸ್ಕ್ರೂ ಹಾಕಿ ಕೂರಿಸುವುದು ಒಳ್ಳೆಯದು. ಚಿಂಚಿಲ್ಲಾ ಹೊರಳಾಡುವ ಧೂಳುಸ್ನಾನದ ಪುಡಿ ತೇವಕ್ಕೆ ಗಂಟುಕಟ್ಟುತ್ತದೆ. ಅದನ್ನೂ ಒಣಹುಲ್ಲನ್ನೂ ಬಿಗಿಮುಚ್ಚಳದ ಡಬ್ಬಿಗಳಲ್ಲಿಡಬೇಕು.

5. ನಿರ್ಣಯ

ಇಲ್ಲಿ ಪಂಜರದ ಖರ್ಚೆಂದರೆ ಎಸಿ, ಅದಕ್ಕೆ ತಕ್ಕ ಜನರೇಟರ್, ತಿಂಗಳ ಬಿಲ್ಲು ಎಲ್ಲ ಸೇರಿದ ಮೊತ್ತ. ಪ್ರಾಣಿಯನ್ನು ತರುವ ಮೊದಲೇ ಆ ಕೋಣೆಯಲ್ಲಿ ಉಷ್ಣತೆ, ಆರ್ದ್ರತೆಗಳ ಮಾಪಕವಿಟ್ಟು, ಒಂದು ಬೇಸಗೆ, ಒಂದು ಮಳೆಗಾಲದ ಅಂಕಿ ಬರೆದಿಡಬೇಕು. ಕರೆಂಟಿಲ್ಲದ ಹೊತ್ತಿನಲ್ಲೂ ಮೊತ್ತ 150ರೊಳಗೆ ನಿಲ್ಲದ ಮನೆಯಲ್ಲಿ ಯಾವ ಪಂಜರವೂ ಸುರಕ್ಷಿತವಲ್ಲ. ಅಂಥಲ್ಲಿ ಚಿಂಚಿಲ್ಲಾ ಸಾಕದಿರುವುದೇ ಸರಿ.