ಅಕ್ಷರ ಬಿಟ್ಟರೆ ಭಾಷೆ ಸಾಯುತ್ತಾ?

ಗೆಳೆಯರೇ, "ಮಹಾಪ್ರಾಣ ತೆಗೆದ್ರೆ ಕನ್ನಡವೇ ಹೋಯ್ತು" ಅಂತ ಗಾಬರಿ ಬೀಳೋರಿಗೆ ಸ್ವಲ್ಪ ಚರಿತ್ರೆ ಹೇಳ್ಬೇಕು.

ಕನ್ನಡ ಅಕ್ಷರ ಬಿಟ್ಟಿದ್ದು ಹೊಸತೇನಲ್ಲ. ಹಳಗನ್ನಡದಲ್ಲಿ ಱ, ೞ ಅಂತ ಎರಡು ಅಕ್ಷರ ಇದ್ವು. ಯಾವ ಪದಕ್ಕೆ ೞ ಬರೀಬೇಕು ಅಂತ 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಪಟ್ಟಿಯನ್ನೇ ಕೊಟ್ಟ. ಪಟ್ಟಿ ಬೇಕಾಯ್ತು ಅಂದ್ರೆ ಜನರ ಬಾಯಿಂದ ಆ ಉಚ್ಚಾರ ಆಗಲೇ ಜಾರಿತ್ತು ಅಂತಲೇ ಅರ್ಥ. ಬಾೞೆ ಬಾಳೆ ಆಯ್ತು. 'ತಿಳಿ' ಅನ್ನೋ ಅಱಿ, 'ಕತ್ತರಿಸು' ಅನ್ನೋ ಅರಿ, ಎರಡೂ ಬರಹದಲ್ಲಿ ಒಂದೇ ಆದ್ವು. ಯಾರ ಅರಿವೂ ಕೆಡಲಿಲ್ಲ.

2005ರಲ್ಲಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 'ಕನ್ನಡ ಬರಹವನ್ನು ಸರಿಪಡಿಸೋಣ!' ಪುಸ್ತಕ ತಂದ್ರು. ಬಹುಪಾಲು ಕನ್ನಡಿಗರು ಉಚ್ಚರಿಸದ ಮಹಾಪ್ರಾಣ, ಋ, ಷ ಬರಹದಲ್ಲೂ ಬೇಡ ಅಂದ್ರು. ತಮ್ಮ ಹೆಸರನ್ನೇ 'ಬಟ್' ಅಂತ ಬರೆದ್ರು. ಸಂಸ್ಕೃತ ಗೊತ್ತಿರೋ ಕೆಲವರ ನಾಲಿಗೆಯನ್ನ ಎಲ್ಲರಿಗೂ ಅಳತೆಗೋಲು ಮಾಡಿದ್ದನ್ನ ಅವರು ಪ್ರಶ್ನಿಸಿದ್ರು. ಅದಕ್ಕೂ ಮೊದಲು, 1984ರಲ್ಲೇ, ದೇವನೂರ ಮಹಾದೇವ 'ಕುಸುಮಬಾಲೆ'ಯಲ್ಲಿ ನಮ್ಮ ಜನರ ಮಾತನ್ನ ಮಾತಿನಂತೆಯೇ ಬರೆದಿದ್ರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಯಲ್ಲಿ ಪ್ರಶಸ್ತಿ ತರೋ ಮಾತು ಶಾಲೆಯ ಉಕ್ತಲೇಖನದಲ್ಲಿ ಮಾತ್ರ ತಪ್ಪು!

ನಮ್ಮ ಮಾವಳ್ಳಿಯ ಕೇರಿಯ ಮಗು 'ಬಾಷೆ' ಅಂತ ಬರೆದ್ರೆ ಕೆಂಪು ಗೀಟು, ಮೇಲೊಂದು ನಗು. ಆ ಮಗು ಕೇಳಿಸಿಕೊಂಡಿದ್ದನ್ನೇ ಬರೆದಿದೆ. ನಗೋರು ನಗ್ತಿರೋದು ಅಕ್ಷರಕ್ಕಲ್ಲ, ಅದರ ಮನೆಗೆ.

ಹಾಗಂತ ನಾಳೆಯಿಂದ ನಮ್ಮ ಮಕ್ಕಳಿಗೆ ಹೊಸ ಬರಹ ಮಾತ್ರ ಕಲಿಸಿ ಅಂತ ನಾನು ಹೇಳಲ್ಲ. ಕೆಲಸದ ಪರೀಕ್ಷೆ ಹಳೇ ಬರಹದಲ್ಲೇ ಇರೋವಾಗ ಅದರ ನಷ್ಟ ನಮ್ಮ ಮಕ್ಕಳಿಗೇ. ಬ್ರಿಟನ್ನಿನ ಕಾರ್ನ್‌ವಾಲ್ ನೋಡಿ. ಸತ್ತೇಹೋಗಿದ್ದ ಕಾರ್ನಿಶ್ ಭಾಷೆಯನ್ನ ಎಬ್ಬಿಸಿದವರೇ ಕಾಗುಣಿತಕ್ಕಾಗಿ ಬಣಗಳಾದ್ರು. ಕೊನೆಗೆ 2008ರಲ್ಲಿ ಶಾಲೆಗೆ, ಸರ್ಕಾರಿ ಕೆಲಸಕ್ಕೆ ಅಂತ ಒಂದು ಬರಹಕ್ಕೆ ಒಪ್ಪಿದ್ರು. ಬರಹ ಬದಲಾಗೋದಾದ್ರೆ ಶಾಲೆ, ಕಚೇರಿ, ಪರೀಕ್ಷೆ ಒಟ್ಟಿಗೇ ಬದಲಾಗ್ಬೇಕು. ಬಡವರ ಮಕ್ಕಳ ಮೇಲೆ ಮೊದಲ ಪ್ರಯೋಗ ಬೇಡ.

ಅಲ್ಲೀವರೆಗೆ ನಮ್ಮ ಬೇಡಿಕೆ ಇಷ್ಟೇ: ಎರಡೂ ಬರಹ ಕಲಿಸಿ, ಮಹಾಪ್ರಾಣ ತಪ್ಪಿದ್ದಕ್ಕೆ ಅಂಕ ಕತ್ತರಿಸಬೇಡಿ. 'ಬೀಮರಾವ್' ಅಂತ ಬರೆದ ಮಗುವಿಗೆ ಬಾಬಾಸಾಹೇಬರು ಯಾರು ಅಂತ ಗೊತ್ತಿದ್ರೆ ಅದಕ್ಕೆ ಪೂರ್ತಿ ಅಂಕ ಸಿಗ್ಬೇಕು.

ಜೈ ಭೀಮ್.