ಕೆಲಸ ಹೋದಾಗ ಸಿಗೋ ಕಾಸು: ನಮ್ಮ ಸೀಮೆಯ ಕಥೆ

ತಮಿಳುನಾಡಿನಲ್ಲಿ ಇ.ಎಸ್.ಐ. ಮೊದಲು ಬಂದದ್ದು ನಮ್ಮ ಕೊಯಮತ್ತೂರಿಗೆ, 1955ರಲ್ಲಿ. ಕಾಯಿಲೆ, ಗಾಯ, ಹೆರಿಗೆಗೆ ಅದರಲ್ಲಿ ಹಣ ಇತ್ತು. ಕೆಲಸವೇ ಹೋದರೆ? ಅದಕ್ಕೆ ಐವತ್ತು ವರ್ಷ ಕಾಯಬೇಕಾಯ್ತು. ರಾಜೀವ್ ಗಾಂಧಿ ಹೆಸರಿನ ನಿರುದ್ಯೋಗ ಭತ್ಯೆ ಬಂದದ್ದು 2005ರಲ್ಲಿ.

ಬಂತು ಸರಿ, ಯಾರಿಗೆ? ನೊಯ್ಯಲ್ ನದಿ ಕೆಟ್ಟಿತೆಂದು 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ 700ಕ್ಕೂ ಹೆಚ್ಚು ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ ದಿನಗೂಲಿಗೆ ದುಡಿದವರು ಯಾವ ನಂಬರು ತೋರಿಸಿ ಭತ್ಯೆ ಕೇಳಬೇಕಿತ್ತು? ನದಿಗೆ ಬಣ್ಣದ ನೀರು ಬಿಡಿ ಅಂತ ಹೇಳಿದವರು ಅವರಲ್ಲ, ಅದು ಬೇರೆ ಮಾತು.

2018ರ ಅಟಲ್ ಯೋಜನೆಯಲ್ಲೂ ಅರ್ಜಿ ಹಳೇ ಮಾಲೀಕರ ಮೂಲಕವೇ ಹೋಗಬೇಕಿತ್ತು. ಕೆಲಸದಿಂದ ತೆಗೆದವರ ಬಾಗಿಲಿಗೇ ಸಹಿಗೆ ಹೋಗೋದು! ಕೊರೋನಾ ಬಂದ 2020ರಲ್ಲಿ ಅದು ಸಡಿಲಾಯ್ತು: ನೇರ ಅರ್ಜಿ, ಕಾಲು ಕೂಲಿ ಬದಲು ಅರ್ಧ ಕೂಲಿ, 90 ದಿನದವರೆಗೆ.

ಇ.ಎಸ್.ಐ. ಇಲ್ಲದ ನಮ್ಮ ಓದಿದ ಹುಡುಗ ಹುಡುಗಿಯರಿಗೆ ಇರೋದು ರಾಜ್ಯ ಸರ್ಕಾರದ 2006ರ ಭತ್ಯೆ. ಎಂಪ್ಲಾಯ್‌ಮೆಂಟ್ ಆಫೀಸಿನಲ್ಲಿ ಹೆಸರು ಬರೆಸಿ 5 ವರ್ಷ ಆಗಿರಬೇಕು. ಪರಿಶಿಷ್ಟರಿಗೆ ವಯಸ್ಸು 45ರವರೆಗೆ. ಹತ್ತನೇ ಪಾಸಿಗೆ ತಿಂಗಳಿಗೆ 300, ಡಿಗ್ರಿಗೆ 600. ದೊಡ್ಡ ದುಡ್ಡೇನಲ್ಲ, ಆದರೆ ನಮ್ಮದು. ಬ್ಯಾಂಕಿಗೆ ಬರೋದು ಮೂರು ತಿಂಗಳಿಗೊಮ್ಮೆ. ನಿಂತುಹೋದರೆ ವರ್ಷದ ಸ್ವಯಂ ಘೋಷಣೆ ಕೊಟ್ಟಿದ್ದೀರಾ, ಮೂರು ವರ್ಷದ ರಿನ್ಯೂವಲ್ ತಪ್ಪಿದೆಯಾ ನೋಡಿ. ಎಲ್ಲ ಸರಿಯಿದ್ದೂ ಬರದಿದ್ದರೆ ಸೋಮವಾರ ಕಲೆಕ್ಟರ್ ಆಫೀಸಿನ ಕುಂದುಕೊರತೆ ಸಭೆಗೆ ಅರ್ಜಿ ಕೊಟ್ಟು ರಸೀದಿ ಇಸ್ಕೊಂಡು ಬನ್ನಿ.